ಎರಡೂವರೆ ಸಾವಿರಕ್ಕೆ ಟೇಬಲ್ ಸಾ: ವಾಟ್ಸಾಪ್ ವಿಡಿಯೋ ಹೇಳದೆ ಬಿಟ್ಟದ್ದೇನು?

ಕಲಬುರಗಿ ಪಕ್ಕದ ನಂದೂರದಲ್ಲಿರುವ ನಮ್ಮ ಕಾಕಾ ಮೊನ್ನೆ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದರು. ಅದರಲ್ಲಿ ಒಬ್ಬರು ಪ್ಲೈವುಡ್ ಹಲಗೆಗೆ ಉದ್ದಕ್ಕೆ ತೂತು ಕೊರೆಯುತ್ತಾರೆ. ಕಲ್ಲು ಕತ್ತರಿಸುವ ಮಾರ್ಬಲ್ ಕಟ್ಟರನ್ನು ಅದರ ಅಡಿಗೆ ತಲೆಕೆಳಗಾಗಿ ಬಿಗಿಯುತ್ತಾರೆ. ಮೇಲೆ ಇಣುಕುವ ಬ್ಲೇಡಿಗೆ ಮರ ತಳ್ಳಿದರೆ ಬೆಣ್ಣೆಯಂತೆ ಸೀಳುತ್ತದೆ. ಎರಡು ನಿಮಿಷದಲ್ಲಿ ಟೇಬಲ್ ಸಾ ಸಿದ್ಧ!

ವಿಡಿಯೋ ಜೊತೆಗೆ ಕಾಕಾ ಬರೆದದ್ದು ಇಷ್ಟು: "ಎರಡೂವರೆ ಸಾವಿರದಾಗ ಮಷಿನ್ ಆಗ್ತದ. ಮೂವತ್ ಸಾವಿರ ಯಾಕ ಸುಡಬೇಕು?"

ಕಾಕಾ ದಾಲ್ ಮಿಲ್ಲಿನಲ್ಲಿ ದುಡಿಯುವವರು. ಕೈ ನಡೆದರೆ ಮನೆ ನಡೆಯುತ್ತದೆ. ಮನೆಗೆ ಒಂದು ಮಂಚ, ಮಕ್ಕಳ ಪುಸ್ತಕಕ್ಕೆ ಒಂದು ಕಪಾಟು ತಾವೇ ಮಾಡಬೇಕೆಂಬುದು ಅವರ ಆಸೆ. "ತಡೀರಿ ಕಾಕಾ, ಸ್ವಲ್ಪ ಓದಿ ಹೇಳ್ತೀನಿ" ಎಂದೆ. ಓದಿ ತಿಳಿದದ್ದು ಇಲ್ಲಿದೆ.

ಸಣ್ಣ ಬ್ಲೇಡು ಎಂದರೆ ಸಣ್ಣ ಅಪಾಯವೇ?

ಅಲ್ಲ. ಲೆಕ್ಕ ಹಾಕಿ ನೋಡಿ. 10 ಇಂಚಿನ ಬ್ಲೇಡಿರುವ ಟೇಬಲ್ ಸಾ ನಿಮಿಷಕ್ಕೆ 4,000 ಸುತ್ತು ತಿರುಗಿದರೆ, ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿ.ಮೀ. ಮಾರ್ಬಲ್ ಕಟ್ಟರಿನ ಬ್ಲೇಡು ಬರೀ 110 ಮಿ.ಮೀ., ಅಂದರೆ ನಾಲ್ಕು ಇಂಚಿಗಿಂತ ತುಸು ಹೆಚ್ಚು. ಆದರೆ ಅದು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 250 ಕಿ.ಮೀ. ಬೆರಳಿನ ಮಟ್ಟಿಗೆ ಎರಡರಲ್ಲೂ ವ್ಯತ್ಯಾಸವಿಲ್ಲ.

ನಿಜವಾದ ಅಪಾಯ ಇರುವುದು ಬ್ಲೇಡಿನ ಹಿಂದೆ

ಟೇಬಲ್ ಸಾದಲ್ಲಿ ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ, ಮೇಜಿನ ಕಡೆಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲೆದ್ದು ನಮ್ಮ ಕಡೆಗೇ ಬರುತ್ತವೆ. ಮರದ ತುಂಡು ಸ್ವಲ್ಪ ಓರೆಯಾಗಿ ಆ ಹಿಂದಿನ ಹಲ್ಲಿಗೆ ತಾಗಿತೋ, ಅದು ಮೇಲೆದ್ದು ನಮ್ಮ ಹೊಟ್ಟೆಗೋ ಮುಖಕ್ಕೋ ಹಾರುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುತ್ತಾರೆ. ಮರ ಹಾರಿಹೋದಾಗ ಅದನ್ನು ತಳ್ಳುತ್ತಿದ್ದ ಕೈ ನೇರವಾಗಿ ಬ್ಲೇಡಿನ ಮೇಲೆ ಬೀಳಬಹುದು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. "ನಾ ಹುಷಾರಾಗಿರ್ತೀನಿ" ಎನ್ನುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ಬೇವು, ಜಾಲಿ ಮರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸರಿಯಾಗಿ ಒಣಗದ ಅಥವಾ ಗಂಟುಗಳಿರುವ ಮರ ಸೀಳುತ್ತಿದ್ದಂತೆ ಒಳಗಿನ ಬಿಗಿತ ಸಡಿಲಾಗಿ ಮತ್ತೆ ಕೂಡಿಕೊಳ್ಳುತ್ತದೆ, ಬ್ಲೇಡನ್ನು ಇಕ್ಕಳದಂತೆ ಹಿಡಿಯುತ್ತದೆ. ಹಳೇ ಬಾಗಿಲ ಚೌಕಟ್ಟಿನ ಮರವಾದರೆ ಒಳಗೆ ಮೊಳೆಗಳೂ ಇರುತ್ತವೆ.

ಕಂಪನಿಯ ಟೇಬಲ್ ಸಾದಲ್ಲಿ ಬ್ಲೇಡಿನ ಬೆನ್ನಿಗೆ ಒಂದು ತೆಳುವಾದ ಉಕ್ಕಿನ ಪಟ್ಟಿ ನಿಂತಿರುತ್ತದೆ. ಹೆಸರು ರೈವಿಂಗ್ ನೈಫ್. ಸೀಳಿದ ಮರ ಕೂಡಿಕೊಳ್ಳದಂತೆ, ಹಿಂದಿನ ಹಲ್ಲುಗಳಿಗೆ ತಾಗದಂತೆ ತಡೆಯುವುದು ಇದೇ. ವಿಡಿಯೋದ ಮಷಿನ್ನಿನಲ್ಲಿ ಇದು ಇಲ್ಲ. ಬ್ಲೇಡಿನ ಮೇಲಿನ ಕವಚವೂ ಇಲ್ಲ. ನಾವು ಹೆಚ್ಚು ದುಡ್ಡು ಕೊಡುವುದು ಮೋಟಾರಿಗಷ್ಟೇ ಅಲ್ಲ, ಇವಕ್ಕೂ.

ಕರೆಂಟ್ ಹೋಗಿ ಬಂದರೆ?

ಮಾರ್ಬಲ್ ಕಟ್ಟರಿನ ಸ್ವಿಚ್ಚು ಕೈಯಲ್ಲಿ ಹಿಡಿದು ಒತ್ತುವಂಥದ್ದು. ಮೇಜಿನ ಅಡಿಗೆ ಕಟ್ಟಿದಾಗ ಅದನ್ನು ಆನ್ ಸ್ಥಿತಿಯಲ್ಲೇ ಲಾಕ್ ಮಾಡಬೇಕಾಗುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು ಎಂದುಕೊಳ್ಳಿ. ನೀವು ಸಿಕ್ಕಿಕೊಂಡ ಮರ ಬಿಡಿಸಲು ಕೈ ಹಾಕಿದ್ದೀರಿ. ಅಷ್ಟರಲ್ಲಿ ಕರೆಂಟ್ ಬಂತು! ಬ್ಲೇಡು ತಾನಾಗಿಯೇ ತಿರುಗುತ್ತದೆ. ಒಳ್ಳೆಯ ಟೇಬಲ್ ಸಾದಲ್ಲಿ 'ನೋ ವೋಲ್ಟ್' ಸ್ವಿಚ್ ಇರುತ್ತದೆ. ಕರೆಂಟ್ ಬಂದರೂ ನಾವು ಮತ್ತೆ ಗುಂಡಿ ಒತ್ತುವ ತನಕ ಅದು ಓಡುವುದಿಲ್ಲ.

ಇನ್ನೆರಡು ತಪ್ಪು ನಂಬಿಕೆಗಳು

*ಗ್ಲೌಸ್ ಹಾಕಿದರೆ ಕೈ ಸುರಕ್ಷಿತ.* ತಿರುಗುವ ಬ್ಲೇಡಿನ ಮುಂದೆ ಇದು ತಿರುಗುಮುರುಗು. ಗ್ಲೌಸಿನ ಬಟ್ಟೆ ಹಲ್ಲಿಗೆ ಸಿಕ್ಕರೆ ಕೈಯನ್ನೇ ಒಳಗೆ ಎಳೆಯುತ್ತದೆ. ಸಡಿಲ ತೋಳು, ದುಪಟ್ಟಾ, ಕೈಗೆ ಕಟ್ಟಿದ ದಾರವೂ ಬೇಡ. ಬೇಕಾದದ್ದು ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಎನ್95 ಮಾಸ್ಕ್, ಮತ್ತು ಮರ ತಳ್ಳಲು ಒಂದು ಕೋಲು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಟವೆಲ್ ಕಟ್ಟಿಕೊಂಡರೆ ಸಾಲದು.

*ಈಗಿನ ಮಷಿನ್ ಬೆರಳು ತಾಗಿದರೆ ತಾನೇ ನಿಲ್ಲುತ್ತದೆ.* ಸಾಸೇಜ್ ತಾಗಿಸಿದ ಕೂಡಲೇ ಬ್ಲೇಡು ನಿಲ್ಲುವ ವಿಡಿಯೋ ಸುಳ್ಳಲ್ಲ. ಅಮೆರಿಕದ ಸ್ಟೀಫನ್ ಗ್ಯಾಸ್ 1999ರಲ್ಲಿ ರೂಪಿಸಿದ ತಂತ್ರ ಅದು. ಮೈ ತಾಗಿದಾಗ ಬ್ಲೇಡಿನಲ್ಲಾಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸಿ, ಅಲ್ಯುಮಿನಿಯಂ ತುಂಡೊಂದು ಬ್ಲೇಡಿಗೆ ನುಗ್ಗಿ ಸೆಕೆಂಡಿನ 200ನೇ ಒಂದು ಭಾಗದೊಳಗೆ ನಿಲ್ಲಿಸುತ್ತದೆ. ಆದರೆ ಅದು ಇರುವುದು ದುಬಾರಿಯಾದ ಕೆಲವೇ ಮಷಿನ್‌ಗಳಲ್ಲಿ. ಕಡಿಮೆ ಬೆಲೆಯ ಟೇಬಲ್ ಸಾದಲ್ಲಿ ಅದನ್ನು ನಿರೀಕ್ಷಿಸಬೇಡಿ. ಅಮೆರಿಕದಲ್ಲೇ ಟೇಬಲ್ ಸಾ ಗಾಯಕ್ಕೆ ವರ್ಷಕ್ಕೆ ಸುಮಾರು 30,000 ಮಂದಿ ತುರ್ತು ಚಿಕಿತ್ಸೆ ಪಡೆಯುತ್ತಾರೆ ಎಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂದಾಜು ಮಾಡಿದೆ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಏನು ಮಾಡಬಹುದು?

ಮೊದಲು ಕೇಳಿಕೊಳ್ಳಿ: ನನಗೆ ಟೇಬಲ್ ಸಾ ಬೇಕೇ, ಮರ ಕತ್ತರಿಸಿದರೆ ಸಾಕೇ? ಒಂದು ಮಂಚ, ಒಂದು ಕಪಾಟಿಗೆ ಬೇಕಾಗುವುದು ಹೆಚ್ಚೆಂದರೆ ನಾಲ್ಕೈದು ಪ್ಲೈ ಶೀಟು. ಅಳತೆ ಬರೆದುಕೊಂಡು ಹೋಗಿ ಪ್ಲೈ ಅಂಗಡಿಯಲ್ಲೋ ಫರ್ನಿಚರ್ ಮಾಡುವವರ ಬಳಿಯೋ ಕೇಳಿ. ದೊಡ್ಡ ಮಷಿನ್ ಇರುವವರು ಕೂಲಿ ತೆಗೆದುಕೊಂಡು ಕತ್ತರಿಸಿ ಕೊಡುವುದುಂಟು. ಇದು ಎಲ್ಲಕ್ಕಿಂತ ಅಗ್ಗ.

ಮನೆಯಲ್ಲೇ ಕತ್ತರಿಸಬೇಕೆಂದರೆ 7 ಇಂಚಿನ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಕೊಳ್ಳಿ. ಬೆಲೆ ಟೇಬಲ್ ಸಾಗಿಂತ ಬಹಳ ಕಡಿಮೆ. ನೆಲದ ಮೇಲೆ ದಪ್ಪ ಥರ್ಮಾಕೋಲ್ ಹಾಸಿ ಅದರ ಮೇಲೆ ಪ್ಲೈ ಇಡಿ. ನೇರವಾದ ಅಲ್ಯುಮಿನಿಯಂ ಪಟ್ಟಿಯನ್ನು ಕ್ಲ್ಯಾಂಪ್‌ನಿಂದ ಬಿಗಿದು, ಅದಕ್ಕೆ ಆನಿಸಿ ಮಷಿನ್ ನಡೆಸಿ. ಇದರಲ್ಲೂ ಕಿಕ್‌ಬ್ಯಾಕ್ ಇದೆ. ಆದರೆ ಎರಡೂ ಕೈ ಹಿಡಿಕೆಯ ಮೇಲಿರುತ್ತವೆ, ಕವಚ ಇರುತ್ತದೆ, ಬೆರಳು ಬಿಟ್ಟರೆ ಸ್ವಿಚ್ ಆಫ್ ಆಗುತ್ತದೆ.

ಟೇಬಲ್ ಸಾ ಬೇಕೇ ಬೇಕು ಎನ್ನುವವರು, ಹೊಸದಿರಲಿ ಹಳೆಯದಿರಲಿ, ಅಂಗಡಿಯಲ್ಲಿ ಇವನ್ನು ನೋಡಿ:

• ರೈವಿಂಗ್ ನೈಫ್ ಮತ್ತು ಕವಚ ಇವೆಯೇ? ಸೆಕೆಂಡ್ ಹ್ಯಾಂಡ್ ಮಷಿನ್‌ಗಳಲ್ಲಿ ಇವನ್ನು ಕಿತ್ತೆಸೆದಿರುತ್ತಾರೆ. ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ.
• ಮರ ಆನಿಸಿ ತಳ್ಳುವ ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಅದನ್ನು ಬಿಗಿದು, ಬ್ಲೇಡಿನ ಮುಂದೆ ಮತ್ತು ಹಿಂದೆ ಅಂತರ ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದೆ ಕಿರಿದಾದರೆ ಮರ ಸಿಕ್ಕಿಕೊಂಡು ಹಾರುತ್ತದೆ.
• ಆಫ್ ಗುಂಡಿ ದೊಡ್ಡದಾಗಿ, ಮುಂದೆಯೇ ಇದೆಯೇ? ಪ್ಲಗ್ ತೆಗೆದು ಹಾಕಿಸಿ ನೋಡಿ. ತಾನಾಗಿ ಓಡಬಾರದು.
• 230 ವೋಲ್ಟಿನದೇ? ಅಮೆರಿಕದ ವಿಡಿಯೋಗಳಲ್ಲಿ ಹೊಗಳುವ ಮಷಿನ್‌ಗಳು 120 ವೋಲ್ಟಿನವು. ನಮ್ಮ ಸಾಕೆಟ್ಟಿಗೆ ಹಾಕಿದರೆ ಸುಟ್ಟುಹೋಗುತ್ತವೆ.
• 1,800 ವ್ಯಾಟಿನ ಮಷಿನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಮನೆಯ 6 ಆಂಪಿಯರ್ ಸಾಕೆಟ್ ಸಾಲದು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು.
• ಬಿಡಿಭಾಗ, ರಿಪೇರಿ ನಿಮ್ಮ ಊರಿನ ಹತ್ತಿರ ಸಿಗುತ್ತದೆಯೇ?

ಬೆರಳು ತುಂಡಾದರೆ

ಇದನ್ನು ಮಾತ್ರ ತಪ್ಪದೆ ಎಲ್ಲರಿಗೂ ಕಳಿಸಿ. ಗಾಯವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಿ, 108ಕ್ಕೆ ಕರೆ ಮಾಡಿ. ತುಂಡಾದ ಭಾಗವನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆಯ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ. ಆ ಕವರನ್ನು ಐಸ್ ನೀರಿನಲ್ಲಿಡಿ. ಬೆರಳನ್ನು ನೇರವಾಗಿ ಐಸ್ ಮೇಲಿಡಬಾರದು. ಹಾಲು, ಸ್ಪಿರಿಟ್, ಅರಿಶಿಣ ಯಾವುದೂ ಬೇಡ. ಮರುಜೋಡಣೆ ಸಾಧ್ಯವೇ ಎಂಬುದನ್ನು ವೈದ್ಯರು ಹೇಳುತ್ತಾರೆ. ತಡವಾದಷ್ಟೂ ಅವಕಾಶ ಕಡಿಮೆ.

ಇಷ್ಟನ್ನೂ ಕಾಕಾಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅಳತಿ ಬರ್ಕೊಂಡು ಅಂಗಡಿಗೆ ಹೋಗ್ತೀನಿ ಬಿಡು" ಎಂದರು. ಗ್ರೂಪಿನಲ್ಲಿ ಆ ವಿಡಿಯೋ ಈಗ ಇಲ್ಲ. ನಿಮ್ಮ ಗ್ರೂಪಿನಲ್ಲಿ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ.