ನಿಮಗಿದು ಗೊತ್ತೆ?: ಮೀನಿನ ಮನೆ ತೋರಿಸುವ ಬೇಸಿಗೆ

ಆಲಮಟ್ಟಿ ಜಲಾಶಯದ ತಳ ಹೇಗಿದೆ ಎಂದು ತಿಳಿಯಲು ಯಂತ್ರವೇ ಬೇಕಿಲ್ಲ. ಒಂದು ಬೇಸಿಗೆ ಸಾಕು!

ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ಹಿನ್ನೀರಿನ ಅಂಚು ಬಯಲಾಗುತ್ತದೆ. ಮುಳುಗಡೆಯಾದ ಹೊಲದ ಬದು, ಮನೆಯ ಬುನಾದಿ, ಮರದ ಬೊಡ್ಡೆ, ಹಳ್ಳದ ತಗ್ಗು ಕಣ್ಣಿಗೆ ಬೀಳುತ್ತವೆ. ಮಳೆಗಾಲದಲ್ಲಿ ಮೀನು ಸೇರುವುದೂ ಇಂಥ ಜಾಗಗಳಲ್ಲೇ. ಕಲ್ಲು, ಬೊಡ್ಡೆಗಳ ಸಂದಿಯಲ್ಲಿ ಅದಕ್ಕೆ ಆಸರೆಯೂ ಉಂಟು, ಆಹಾರವೂ ಉಂಟು. ಆದರೆ ಬಲೆ ಸಿಕ್ಕಿ ಹರಿಯುವುದೂ ಅಲ್ಲೇ!

ತಳದ ಜೊತೆಗೆ ನೀರಿನ ಪದರವೂ ಗೊತ್ತಿರಬೇಕು. ಮೀನುಗಳಲ್ಲಿ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ ಮೇಯುತ್ತವೆ. ನೀರು ಒಂದೇ, ಪಂಕ್ತಿ ಮೂರು.

ನೀರು ತುಂಬಿದ ಮೇಲೆ ತಳ ನೋಡಬೇಕೆ? ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಹಗ್ಗ ಎಷ್ಟು ಮೊಳ ಇಳಿಯಿತೋ ಅಷ್ಟು ಆಳ. ತಳ ಬಂಡೆಯಾದರೆ ಕಲ್ಲು ಟಣ್ ಎಂದು ತಾಗಿದ್ದು ಕೈಗೆ ತಿಳಿಯುತ್ತದೆ. ಕೆಸರಾದರೆ ಮೆತ್ತಗೆ ಹೂತುಕೊಳ್ಳುತ್ತದೆ, ಎಳೆದರೆ ಜಗ್ಗುತ್ತದೆ.

ಲಚ್ಯಾಣ, ಇಂಡಿ, ಸಿಂದಗಿ ಕಡೆಯ ಕೆರೆಗಳಿಗೂ ಇದೇ ಲೆಕ್ಕ. ಮುಂದಿನ ಬೇಸಿಗೆಯಲ್ಲಿ ನಿಮ್ಮೂರ ಕೆರೆ ಬತ್ತಿದಾಗ ಒಂದು ಸುತ್ತು ಹಾಕಿ. ತಗ್ಗು ಎಲ್ಲಿ, ಕಲ್ಲು ಎಲ್ಲಿ ಎಂದು ಗುರುತಿಟ್ಟುಕೊಳ್ಳಿ. ಮಳೆ ಬಂದ ಮೇಲೆ ಗಾಳ ಎಲ್ಲಿ ಹಾಕಬೇಕೆಂದು ಯಾರನ್ನೂ ಕೇಳಬೇಕಿಲ್ಲ.