ಬಾವಿಗೆ ಚಪ್ಪಲಿ ತೊಡಿಸಿದ ಮಕ್ಕಳು

ಎಸ್ಸೆಸ್ಸೆಲ್ಸಿ ಕನ್ನಡ ಉತ್ತರಪತ್ರಿಕೆ ತಿದ್ದಿದ ಯಾವ ಮೇಷ್ಟ್ರನ್ನಾದರೂ ಕೇಳಿ, ಗಾದೆಯ ವಿಸ್ತರಣೆ ಹೇಗೆ ಶುರುವಾಗುತ್ತದೆ ಎಂಬುದನ್ನು ಪತ್ರಿಕೆ ತೆರೆಯದೆಯೇ ಹೇಳುತ್ತಾರೆ: ‘ಗಾದೆಗಳು ವೇದಗಳಿಗೆ ಸಮಾನ.’ ಬೀದರಿನ ಹುಡುಗ ಬರೆಯುವುದೂ ಇದನ್ನೇ, ಚಾಮರಾಜನಗರದ ಹುಡುಗಿ ಬರೆಯುವುದೂ ಇದನ್ನೇ. ಪ್ರಬಂಧಕ್ಕೆ ಬಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ತಲೆಬರಹ, ಅವುಗಳ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ.

ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಹೀಗೆ ಬರೆದರೆ ಅಂಕ ಸಿಗುತ್ತದೆ ಎಂದು ಹೇಳಿಕೊಟ್ಟವರು ನಾವೇ. ಆದರೆ ಅದೇ ಹುಡುಗ ಬಿಸಿಯೂಟದ ಹೊತ್ತಿನಲ್ಲಿ, ಹಿಂದಿನ ರಾತ್ರಿ ಕೊಟ್ಟಿಗೆಗೆ ಚಿರತೆ ನುಗ್ಗಿದ ಸುದ್ದಿ ಹೇಳಲು ಕೂತರೆ ಗೆಳೆಯರ ತುತ್ತು ಕೈಯಲ್ಲೇ ಉಳಿಯುತ್ತದೆ. ಎಲ್ಲಿ ದನಿ ತಗ್ಗಿಸಬೇಕು, ಯಾವ ವಿಷಯವನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂಬುದನ್ನು ಅವನಿಗೆ ಯಾರೂ ಕಲಿಸಿಲ್ಲ. ಗಂಟೆ ಹೊಡೆದು ನೋಟ್‌ಬುಕ್ ತೆರೆದ ಮೇಲೆ ಆ ಮಾತುಗಾರ ಎಲ್ಲಿ ಹೋದ? ತರಗತಿಯಲ್ಲಿ ಸೃಜನಶೀಲ ಬರವಣಿಗೆ ಕಲಿಸುವುದೆಂದರೆ, ನನ್ನ ಮಟ್ಟಿಗೆ, ಅವನನ್ನು ಹುಡುಕಿ ಕರೆತರುವ ಕೆಲಸ.

ಮೊದಲ ತೊಡಕು ನಾವು ಕೊಡುವ ವಿಷಯದಲ್ಲೇ ಇದೆ. ‘ಮಳೆಗಾಲ’ ಎಂದು ಬೋರ್ಡಿನ ಮೇಲೆ ಬರೆದು, ‘ನಿಮ್ಮ ಕಲ್ಪನೆಯಿಂದ ಬರೆಯಿರಿ’ ಎಂದರೆ ಮಕ್ಕಳು ಗೈಡಿನ ಕಡೆಗೋ ಮೊಬೈಲಿನ ಕಡೆಗೋ ನೋಡುತ್ತಾರೆ. ವಿಷಯ ಅಷ್ಟು ದೊಡ್ಡದು, ಹಿಡಿದುಕೊಳ್ಳಲು ಒಂದು ಕೊನೆಯೂ ಸಿಗುವುದಿಲ್ಲ. ಅದರ ಬದಲು ‘ನಿಮ್ಮ ಮನೆಯಲ್ಲಿ ಸೋರುವ ಜಾಗ ಯಾವುದು? ಅಲ್ಲಿ ಏನು ಇಡುತ್ತೀರಿ?’ ಎಂದು ಕೇಳಿ. ಅಕ್ಕಿ ಡಬ್ಬದ ಮೇಲೆ ಹೊದಿಸಿದ ಯೂರಿಯಾ ಚೀಲ, ಅಜ್ಜಿಯ ಹಾಸಿಗೆ ಪಕ್ಕದ ಬಕೆಟ್ಟು, ಮಧ್ಯರಾತ್ರಿ ಎದ್ದು ಅದನ್ನು ಚೆಲ್ಲಿಬರುವ ಅಪ್ಪ, ಎಲ್ಲವೂ ಹಾಳೆಗೆ ಇಳಿಯುತ್ತವೆ. ಪ್ರಶ್ನೆ ಕಿರಿದಾದಷ್ಟೂ ಬರಹಕ್ಕೆ ಜಾಗ ಹೆಚ್ಚುತ್ತದೆ.

ಇಟಲಿಯ ಮಕ್ಕಳ ಲೇಖಕ ಜಾನ್ನಿ ರೊದಾರಿ ಇದನ್ನು ಚೆನ್ನಾಗಿ ಅರಿತಿದ್ದರು. ಹರೆಯದಲ್ಲಿ ಸ್ವತಃ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದವರು, ಮುಂದೆ ಪತ್ರಕರ್ತರಾದವರು. 1972ರಲ್ಲಿ ರೆಜ್ಜೊ ಎಮಿಲಿಯಾ ನಗರದ ಶಿಕ್ಷಕರ ಜತೆ ನಡೆಸಿದ ಮಾತುಕತೆಗಳನ್ನೇ ಬೆಳೆಸಿ, ಮರುವರ್ಷ ಅವರು ‘ಕಲ್ಪನೆಯ ವ್ಯಾಕರಣ’ ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಆಟ ಬಹಳ ಸರಳ. ಒಂದು ಮಗು ಬೋರ್ಡಿನ ಮುಂಬದಿಯಲ್ಲಿ ಒಂದು ಪದ ಬರೆಯಬೇಕು, ಇನ್ನೊಂದು ಮಗು ಅದನ್ನು ನೋಡದೆ ಹಿಂಬದಿಯಲ್ಲಿ ಮತ್ತೊಂದು ಪದ ಬರೆಯಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ ಎದುರುಬದುರಾದಾಗ, ಅವುಗಳ ನಡುವೆ ಕಥೆ ಹುಟ್ಟಲೇಬೇಕು. ರೊದಾರಿ ಕೊಟ್ಟ ಉದಾಹರಣೆ ನಾಯಿ ಮತ್ತು ಬೀರು.

ಈ ಆಟ ಕನ್ನಡಕ್ಕೆ ಬಂದರೆ ಇನ್ನೂ ರಂಗೇರುತ್ತದೆ, ಏಕೆಂದರೆ ನಮ್ಮಲ್ಲಿ ಪದಗಳನ್ನು ಬೆಸೆಯುವ ಕೆಲಸ ವಿಭಕ್ತಿ ಪ್ರತ್ಯಯದ್ದು. ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿ ಮಕ್ಕಳು ಬೇಸತ್ತ ಅದೇ ಪಟ್ಟಿ. ಬಯಲುಸೀಮೆಯ ಒಂದು ಏಳನೇ ತರಗತಿಯಲ್ಲಿ ‘ಚಪ್ಪಲಿ’, ‘ಬಾವಿ’ ಎಂಬ ಎರಡು ಪದ ಬಂದದ್ದನ್ನು ನೋಡಿದ್ದೇನೆ. ‘ಬಾವಿಯಲ್ಲಿ ಚಪ್ಪಲಿ’ ಎಂದಾಗ ತರಗತಿ ಕ್ಷಣ ಗಂಭೀರವಾಯಿತು. ಯಾರದಿರಬಹುದು ಎಂಬ ಭಯ ಎಲ್ಲರ ಮುಖದಲ್ಲೂ ಇತ್ತು. ‘ಚಪ್ಪಲಿಯಲ್ಲಿ ಬಾವಿ’ ಎಂದಾಗ ನಗು ಎದ್ದಿತು. ‘ಬಾವಿಗೆ ಚಪ್ಪಲಿ’ ಎಂದು ಟೀಚರ್ ಬರೆದು ಬಿಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಬಾವಿ ಬತ್ತೈತಿ ಮಿಸ್, ನೀರು ಹುಡುಕ್ಕೊಂಡು ಹೊಂಟೈತಿ. ಬಿಸಿಲಿಗೆ ಕಾಲು ಸುಡ್ತಾವಲ್ಲ, ಅದಕ್ಕ’ ಎಂದಳು. ಒಂದು ವಿಭಕ್ತಿ ಬದಲಾದರೆ ಲೋಕವೇ ಬದಲಾಗುತ್ತದೆ ಎಂಬುದು ಆ ತರಗತಿಗೆ ಅಂದು ಮನದಟ್ಟಾಯಿತು. ಚತುರ್ಥಿ ವಿಭಕ್ತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆ ಟೀಚರ್ ಮಾಡಿದ ಇನ್ನೊಂದು ಕೆಲಸ ನನಗೆ ಆಟಕ್ಕಿಂತ ದೊಡ್ಡದಾಗಿ ಕಂಡಿತು. ಹುಡುಗಿ ಹೇಳಿದ್ದನ್ನು ಅವರು ‘ಬತ್ತಿದೆ’, ‘ಹೊರಟಿದೆ’ ಎಂದು ತಿದ್ದಲಿಲ್ಲ. ‘ಬತ್ತೈತಿ’ ಎಂದೇ ಬೋರ್ಡಿನ ಮೇಲೆ ಬರೆದರು. ಮನೆಯ ಕನ್ನಡವನ್ನು ಹೊಸಿಲಾಚೆ ಬಿಟ್ಟು ಬಾ ಎಂದರೆ, ಅದರ ಜತೆ ಮಗುವಿನ ಅನುಭವವೂ ಹೊರಗೇ ಉಳಿದುಬಿಡುತ್ತದೆ. ಗ್ರಂಥಸ್ಥ ಕನ್ನಡ ಬೇಡವೆಂದಲ್ಲ, ಅದು ಎರಡನೇ ಕರಡಿಗೆ ಬರಲಿ. ದೇವನೂರ ಮಹಾದೇವ ತಮ್ಮ ಸೀಮೆಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಕಾದಂಬರಿ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಸಾಹಿತ್ಯ ಒಪ್ಪಿಕೊಂಡ ಮಾತನ್ನು ಶಾಲೆಯ ಕೆಂಪು ಪೆನ್ನು ಇಂದಿಗೂ ಹೊಡೆದುಹಾಕುತ್ತಿರುವುದು ನೋವಿನ ಸಂಗತಿ.

ಕವಿತೆಯಲ್ಲಿ ಇದೇ ಕಾಟವನ್ನು ಪ್ರಾಸ ಕೊಡುತ್ತದೆ. ಮಗು ಹೇಳಬೇಕೆಂದಿದ್ದು ಒಂದು, ಪ್ರಾಸ ಎಳೆದೊಯ್ಯುವುದು ಇನ್ನೊಂದೆಡೆಗೆ. ಅಮೆರಿಕದ ಕವಿ ಕೆನೆತ್ ಕಾಕ್ 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಸರ್ಕಾರಿ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಕವಿತೆ ಬರೆಸಿದಾಗ ಪ್ರಾಸವನ್ನು ಬದಿಗಿಟ್ಟರು. ಬದಲಿಗೆ ಪ್ರತಿ ಸಾಲಿಗೂ ಒಂದೇ ಆರಂಭ ಕೊಟ್ಟರು. ‘ಮೊದಲು ನಾನು ಹೀಗಿದ್ದೆ, ಈಗ ಹೀಗಿದ್ದೇನೆ’ ಎಂಬಂಥ ಒಂದು ಚೌಕಟ್ಟು, ಉಳಿದದ್ದು ಮಕ್ಕಳದು. ಇಡೀ ತರಗತಿ ತಲಾ ಒಂದು ಸಾಲು ಕೊಟ್ಟು ಒಂದೇ ಕವಿತೆ ಕಟ್ಟುವ ಪದ್ಧತಿಯನ್ನೂ ಅವರು ಬಳಸಿದರು. ಬರೆಯಲು ಹೆದರುವ ಮಗುವಿಗೆ ಇದರಷ್ಟು ಧೈರ್ಯ ಕೊಡುವುದು ಬೇರಿಲ್ಲ. ಒಂದು ಸಾಲನ್ನು ಯಾರು ಬೇಕಾದರೂ ಬರೆಯಬಲ್ಲರು.

ಇಷ್ಟಾದರೂ, ಬರೆದದ್ದನ್ನು ಓದುವವರು ಯಾರು? ನಮ್ಮ ಮಕ್ಕಳ ಬರಹಕ್ಕೆ ಒಬ್ಬರೇ ಓದುಗರು, ಅವರ ಕೈಯಲ್ಲಿ ಕೆಂಪು ಪೆನ್ನು. ಫ್ರಾನ್ಸಿನ ಶಿಕ್ಷಕ ಸೆಲೆಸ್ತಾಂ ಫ್ರೆನೆ ಈ ಗಂಟನ್ನು ಬಿಡಿಸಿದವರು. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಗಾಯವಾಗಿತ್ತು, ದಿನವಿಡೀ ನಿಂತು ಪಾಠ ಒಪ್ಪಿಸುವ ಶಕ್ತಿ ಇರಲಿಲ್ಲ. 1920ರ ದಶಕದಲ್ಲಿ ಹಳ್ಳಿಯ ಶಾಲೆಗೆ ಅವರು ಪುಟ್ಟದೊಂದು ಮುದ್ರಣ ಯಂತ್ರ ತಂದರು. ಮಕ್ಕಳು ತಾವು ಬರೆದದ್ದನ್ನು ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿ, ದೂರದ ಬ್ರಿಟನಿ ಕರಾವಳಿಯ ಶಾಲೆಯೊಂದಕ್ಕೆ ಕಳಿಸಿದರು. ಅಲ್ಲಿನ ಮಕ್ಕಳ ಬರಹ ಇಲ್ಲಿಗೆ ಬಂತು. ತಮ್ಮೂರು ಕಾಣದವರಿಗೆ ಬರೆಯಬೇಕಾದಾಗ ಊರಿನ ಬಗ್ಗೆ ಎಷ್ಟು ಹೇಳಬೇಕು ಎಂಬುದನ್ನು ಯಾವ ಮೇಷ್ಟ್ರೂ ಕಲಿಸಬೇಕಿಲ್ಲ.

ನಮಗೆ ಮುದ್ರಣ ಯಂತ್ರವೂ ಬೇಕಿಲ್ಲ. ಗೋಡೆಪತ್ರಿಕೆ, ಕೈಬರಹ ಪತ್ರಿಕೆಗಳ ಪರಂಪರೆ ಕರ್ನಾಟಕದ ಶಾಲೆಗಳಿಗೆ ಹೊಸದಲ್ಲ. ಅಂಚೆ ಕಾರ್ಡಿಗೆ ಇರುವುದು 50 ಪೈಸೆ. ಶಿರಸಿಯ ಶಾಲೆಯೊಂದು ರಾಯಚೂರಿನ ಶಾಲೆಗೆ ಬರೆಯಲಿ: ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ಅವರು, ಹತ್ತಿ ಬಿಡಿಸುವ ಮಧ್ಯಾಹ್ನಗಳ ಬಗ್ಗೆ ಇವರು. ಮಲೆನಾಡಿನ ಜಿಗಣೆಯ ಹೆಸರು ಓದಿ, ‘ನಿಮ್ಮಲ್ಲಿ ಉಂಬಳ ಅಂದರೆ ಏನು?’ ಎಂದು ರಾಯಚೂರಿನಿಂದ ಪ್ರಶ್ನೆ ಬಂದರೆ, ಆ ಉತ್ತರವನ್ನು ಗೈಡಿನಲ್ಲಿ ಹುಡುಕಲಾಗದು.

ಒಂದು ತರಗತಿಯಲ್ಲಿ ಅರವತ್ತು ಮಕ್ಕಳು, ಮುಗಿಯದ ಸಿಲಬಸ್, ಮೇಲಿಂದ ಮೇಲೆ ಬರುವ ಮಾಹಿತಿ ಅಪ್‌ಲೋಡ್ ಕೆಲಸ ಎಂದು ಶಿಕ್ಷಕರು ಹೇಳುವುದು ನಿಜ. ಅದಕ್ಕೇ ಎಲ್ಲವನ್ನೂ ತಿದ್ದುವ ಹೊರೆ ಬೇಡ ಎನ್ನುತ್ತೇನೆ. ಹತ್ತು ಬರಹ ಓದಿ, ಕೆಳಗೆ ಒಂದೊಂದು ಪ್ರಶ್ನೆ ಬರೆಯಿರಿ: ‘ಆಮೇಲೆ ಚಿರತೆ ಎತ್ತ ಹೋಯಿತು?’ ಉಳಿದವನ್ನು ಮಕ್ಕಳೇ ಜೋಡಿಯಾಗಿ ಓದಿಕೊಳ್ಳಲಿ. ಕಾಗುಣಿತದ ತಪ್ಪನ್ನು ಬೇರೆ ದಿನ ನೋಡೋಣ.

ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಅವಧಿಯನ್ನು ಇದಕ್ಕೆ ಕೊಡಿ, ಅಂಕ ಮಾತ್ರ ಹಾಕಬೇಡಿ ಎಂದು ಕನ್ನಡ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲೂ ಒಂದು ವಿನಂತಿ ಇದೆ: ಪ್ರಬಂಧದ ವಿಷಯಗಳ ಪಟ್ಟಿಯಲ್ಲಿ ಪ್ರತಿ ವರ್ಷ ಒಂದಾದರೂ ಗೈಡಿನಲ್ಲಿ ಉತ್ತರ ಸಿಗದ ಪ್ರಶ್ನೆಯಾಗಿರಲಿ. ಪರೀಕ್ಷೆ ಕೇಳಿದ್ದನ್ನೇ ನಮ್ಮ ತರಗತಿಗಳು ಕಲಿಸುತ್ತವೆ.