ಪರದೇಶದ ಕೆಲಸ: ಪರವಾನಗಿ ಯಾರ ಹೊರೆ?

ಎಸ್ಪ್ಲನೇಡಿನ ಆಸುಪಾಸಿನ ಆಫೀಸುಗಳಲ್ಲಿ ಲೇಖಣಿ ಹಿಡಿದು ಬಾಳುವ ನಮ್ಮಂಥ ಗುಮಾಸ್ತರಿಗೆ ಕನ್ನಡ ಬಂಧುಗಳ ನಡುವೆ ಇನ್ನೊಂದು ಹುದ್ದೆಯೂ ಉಂಟು. ಸಂಬಳವಿಲ್ಲದ ಹುದ್ದೆ ಅದು. ಮೊಹರು ಬಿದ್ದ ಕಾಗದ ಯಾರ ಮನೆಗೆ ಬಂದರೂ ಭಾನುವಾರ ಅದು ನಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ. ಈಚಿನ ವರ್ಷಗಳಲ್ಲಿ ಹೀಗೆ ಬರುವ ಕಾಗದಗಳಲ್ಲಿ ಪರದೇಶದ ನೌಕರಿಯವೇ ಹೆಚ್ಚು. ಒಬ್ಬರ ಮಗಳಿಗೆ ಇಂಗ್ಲೆಂಡಿನ ಆಸ್ಪತ್ರೆ, ಮತ್ತೊಬ್ಬರ ತಮ್ಮನಿಗೆ ದುಬೈ, ಇನ್ನೊಬ್ಬರಿಗೆ ಕೆನಡಾ. ಕಾಗದ ತಂದವರು ಮೊದಲು ಕೇಳುವ ಪ್ರಶ್ನೆ ಒಂದೇ: “ವೀಸಾಕ್ಕೆ ಎಷ್ಟು ಕೊಡಬೇಕಾಗುತ್ತದೆ?”

ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. “ಈ ಪರವಾನಗಿಗೆ ಅರ್ಜಿ ಹಾಕಿದವರು ಯಾರು?” ಎಂದು ಕೇಳಬೇಕು. ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಹಣದ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಈ ವಿಷಯದಲ್ಲಿ ನಾವಿರುವ ಊರಿಗೇ ಒಂದು ಹಳೆಯ ಕಥೆಯಿದೆ. ಎಸ್ಪ್ಲನೇಡಿನಿಂದ ಮೈದಾನವನ್ನು ದಾಟಿ ಖಿದಿರ್‌ಪುರ, ಗಾರ್ಡನ್ ರೀಚ್ ಕಡೆಗೆ ಹೋದರೆ ಹೂಗ್ಲಿಯ ದಂಡೆಯಲ್ಲಿ ಹಿಂದೆ ಕೂಲಿ ಡಿಪೋಗಳಿದ್ದವು. 1834ರಲ್ಲಿ ‘ಅಟ್ಲಾಸ್’ ಎಂಬ ಹಡಗು ಇಲ್ಲಿಂದ 36 ಮಂದಿ ಕೂಲಿಗಳನ್ನು ಮಾರಿಷಸ್ಸಿನ ಕಬ್ಬಿನ ತೋಟಕ್ಕೆ ಒಯ್ದಿತು. ತಿಂಗಳಿಗೆ 5 ರೂಪಾಯಿ ಸಂಬಳ, 5 ವರ್ಷದ ಕರಾರು. 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡಿಗೆ, 1873ರಲ್ಲಿ ಸುರಿನಾಮಿಗೆ, 1879ರಲ್ಲಿ ಫಿಜಿಗೆ ಇಲ್ಲಿಂದಲೇ ಹಡಗುಗಳು ಹೊರಟವು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಪದ ಆ ಬಡವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ‘ಗಿರ್ಮಿಟಿಯ’ರಾದರು. ಈ ಪದ್ಧತಿಯಲ್ಲಿ ಹೊಸ ನೇಮಕ ನಿಂತದ್ದು 1917ರಲ್ಲಿ. ಸುರಿನಾಮ್ ಘಾಟಿನಲ್ಲಿ 2015ರಲ್ಲಿ ನಿಲ್ಲಿಸಿದ ‘ಮಾಯಿ-ಬಾಪ್’ ಸ್ಮಾರಕವನ್ನು ಇಂದಿಗೂ ನೋಡಬಹುದು. ಗಂಡ, ಹೆಂಡತಿ, ಕೈಯಲ್ಲೊಂದು ಗಂಟು, ಅಷ್ಟೆ.

ಅಂದಿನ ಏರ್ಪಾಡಿನಲ್ಲೂ ಕಾಗದಪತ್ರಕ್ಕೆ ಕೊರತೆಯಿರಲಿಲ್ಲ. ತೋಟದ ಧಣಿಯ ಪರವಾಗಿ ಇಲ್ಲಿ ಏಜೆಂಟನಿದ್ದ, ಅವನ ಕೆಳಗೆ ಹಳ್ಳಿ ಹಳ್ಳಿ ತಿರುಗುವ ದಲ್ಲಾಳಿಗಳಿದ್ದರು. ಕೂಲಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ “ಒಪ್ಪಿಗೆಯೇ?” ಎಂದು ಕೇಳುತ್ತಿದ್ದರು. ಇವೆಲ್ಲದರ ಮೇಲೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’, ಅಂದರೆ ವಲಸೆಗಾರರ ರಕ್ಷಕನೆಂಬ ಅಧಿಕಾರಿಯೂ ಇದ್ದ. ಹಡಗಿನ ಖರ್ಚನ್ನು ಧಣಿಯೇ ಕೊಡುತ್ತಿದ್ದ. ಆದರೆ ಖರ್ಚು ಕೊಟ್ಟ ಕೈಯೇ ಕೂಲಿಯನ್ನು ಕಟ್ಟಿಯೂ ಹಾಕುತ್ತಿತ್ತು. ಕರಾರು ಮುರಿದು ತೋಟ ಬಿಟ್ಟರೆ ಸೆರೆಮನೆ. ಹೋದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ.

ಇಂದಿನ ಕಾಯಿದೆಗಳು ಈ ಕಹಿಯಿಂದ ಪಾಠ ಕಲಿತಿವೆ. ಹೊರಗಿನ ಕೆಲಸಗಾರ ಬೇಕೆನ್ನುವ ಧಣಿ ಮೊದಲು ತನ್ನ ಸರಕಾರಕ್ಕೆ ಸಮಾಧಾನ ಹೇಳಬೇಕು, ಖರ್ಚನ್ನೂ ಹೊರಬೇಕು ಎಂಬುದು ಅನೇಕ ದೇಶಗಳ ನಿಯಮ. ಅಮೆರಿಕದ ‘ಎಚ್-1ಬಿ’ ವೀಸಾವನ್ನೇ ನೋಡಿ. ಕಂಪನಿಯು ಕೆಲಸಗಾರನಿಗೆ ಅಲ್ಲಿ ನಡೆಯುವ ಸಂಬಳವನ್ನೇ ಕೊಡುವೆನೆಂದು ಕಾರ್ಮಿಕ ಇಲಾಖೆಗೆ ಬರೆದುಕೊಟ್ಟು, ಆಮೇಲೆ ವಲಸೆ ಇಲಾಖೆಗೆ ತಾನೇ ಅರ್ಜಿ ಹಾಕುತ್ತದೆ. ವರ್ಷಕ್ಕೆ 65,000 ವೀಸಾ, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಿದೆ. ಕೆನಡಾದಲ್ಲಿ ಅನೇಕ ಕೆಲಸಗಳಿಗೆ, ಸ್ಥಳೀಯರು ದೊರೆಯಲಿಲ್ಲವೆಂದು ಧಣಿ ತೋರಿಸಿ, ಒಂದೊಂದು ಹುದ್ದೆಗೂ 1,000 ಡಾಲರು ಕಟ್ಟಿ, ಸರಕಾರದ ಅಭಿಪ್ರಾಯಪತ್ರವನ್ನು ಪಡೆಯಬೇಕು; ಆ ಹಣವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಇಂಗ್ಲೆಂಡಿನ ಆಸ್ಪತ್ರೆಯೋ ಕಂಪನಿಯೋ ಮೊದಲು ಪ್ರಾಯೋಜಕರ ಲೈಸೆನ್ಸು ಪಡೆದು, ಅನಂತರ ಕೆಲಸಗಾರನ ಹೆಸರಿಗೆ ಪ್ರಾಯೋಜನೆಯ ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಆ ಬಗೆಯ ವೀಸಾಕ್ಕೆ ಅರ್ಜಿಯೇ ಇಲ್ಲ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಧಣಿಯು ಕೆಲಸದ ಒಪ್ಪಿಗೆ ಪತ್ರಕ್ಕೆ ರುಜು ಪಡೆದು ಕಾರ್ಮಿಕ ಸಚಿವಾಲಯದಿಂದ ಪರವಾನಗಿ ತರಿಸುತ್ತಾನೆ. ನೇಮಕದ ವೆಚ್ಚವನ್ನು ಕೆಲಸಗಾರನ ಮೇಲೆ ಹೊರಿಸಬಾರದೆಂದು 2021ರ ಅಲ್ಲಿನ ಕಾರ್ಮಿಕ ಕಾಯಿದೆ ಹೇಳುತ್ತದೆ.

ಹೊರಗಿನವರ ಮೇಲೆ ಮಾತ್ರ ಈ ಕಟ್ಟುಪಾಡು ಎಂದು ಬೇಸರಪಡಬೇಕಾಗಿಲ್ಲ. ನಮ್ಮ ದೇಶದ ನಿಯಮವೂ ಹೀಗೆಯೇ. ಇಲ್ಲಿನ ಕಂಪನಿ ಪರದೇಶದವನನ್ನು ಉದ್ಯೋಗ ವೀಸಾದ ಮೇಲೆ ಕರೆಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಅವನ ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಕಡಿಮೆಯಿರಬಾರದು. ತಮ್ಮ ನಾಡಿನ ಅಡಿಗೆ ಮಾಡುವ ಬಾಣಸಿಗರಿಗೂ ಭಾಷೆ ಕಲಿಸುವವರಿಗೂ ಈ ಮಿತಿಯಿಂದ ವಿನಾಯಿತಿಯುಂಟು. ಇಲ್ಲಿನವರೇ ಮಾಡಬಲ್ಲ ಸಾಧಾರಣ ಕೆಲಸಕ್ಕೆ ಹೊರಗಿನವರನ್ನು ಅಗ್ಗವಾಗಿ ತರಬಾರದೆಂಬುದೇ ಇದರ ತಾತ್ಪರ್ಯ.

ಇನ್ನು ನಮ್ಮವರು ಹೊರಡುವಾಗ ಇಲ್ಲಿ ಆಗಬೇಕಾದ ಕೆಲಸ. ಇದಕ್ಕೆ 1983ರ ವಲಸೆ ಕಾಯಿದೆ ಬುನಾದಿ. ಹತ್ತನೆಯ ತರಗತಿ ತೇರ್ಗಡೆಯಾಗದವರಲ್ಲಿ ಬಹುಮಂದಿಯ ಪಾಸ್‌ಪೋರ್ಟು ‘ಇ.ಸಿ.ಆರ್.’ ವರ್ಗದ್ದು. ಅಂಥವರು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಮೊದಲಾದ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆಗಾರರ ರಕ್ಷಕರ ಅನುಮತಿ ಬೇಕು. ಹೌದು, ಹೆಸರು ಅದೇ ಹಳೆಯದು. ಕೋಲ್ಕತ್ತೆಯಲ್ಲಿ ಆ ಕಚೇರಿ ಇಂದಿಗೂ ಇದೆ. ಪರದೇಶದ ಧಣಿ ಎಷ್ಟು ಜನ, ಯಾವ ಕೆಲಸ, ಯಾವ ಸಂಬಳ ಎಂದು ಬೇಡಿಕೆ ಪತ್ರ ಕಳುಹಿಸಬೇಕು, ಮಾದರಿ ಕರಾರು ಕೊಡಬೇಕು. ಸರಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟನಲ್ಲದೆ ಬೇರೆಯವರು ಜನರನ್ನು ಆರಿಸಿ ಕಳುಹಿಸುವುದು ಅಪರಾಧ. ಅಂಥ ಏಜೆಂಟನೂ ಕೆಲಸಗಾರನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಪಡೆದದ್ದಕ್ಕೆ ರಸೀದಿ ಕೊಡಬೇಕು. ಅನುಮತಿ ಪಡೆದು ಹೋಗುವವರಿಗೆ ಅಪಘಾತಕ್ಕೆ 10 ಲಕ್ಷ ರೂಪಾಯಿಯ ವಿಮೆಯೂ ಕಡ್ಡಾಯ.

ಇಷ್ಟೆಲ್ಲ ಇದ್ದೂ ಮೋಸ ನಡೆಯುವುದು ಹೇಗೆ? ನಮಗೆ ತಿಳಿದ ಒಂದು ಸಂಗತಿ ಹೇಳುತ್ತೇವೆ. ಈ ಊರಿನ ಒಂದು ದಕ್ಷಿಣದ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ತರುಣ, ಕರಾವಳಿಯ ಹುಡುಗ, ಎಂಟನೆಯ ತರಗತಿಗೆ ಓದು ನಿಲ್ಲಿಸಿದವನು. ಕೊಲ್ಲಿಯಲ್ಲಿ ಅಡಿಗೆಯ ಕೆಲಸ, ಇಲ್ಲಿಯ ಮೂರರಷ್ಟು ಸಂಬಳ ಎಂದು ಒಬ್ಬ ಮಧ್ಯವರ್ತಿ ಹೇಳಿದ್ದ. ಕೇಳಿದ್ದು ಎರಡು ಲಕ್ಷ. ಮುಂಗಡ ಇಪ್ಪತ್ತು ಸಾವಿರ ಕೊಟ್ಟಾಗಿತ್ತು. ಉಳಿದದ್ದಕ್ಕೆ ಊರಿನಲ್ಲಿ ತಾಯಿಯ ಬಳೆ, ತಂಗಿಯ ಮದುವೆಗೆಂದು ಕೂಡಿಟ್ಟ ಚಿನ್ನ ಅಡವಿಡುವ ಮಾತು ನಡೆದಿತ್ತು. ಅವನು ತಂದ ವೀಸಾದ ಪ್ರತಿಯನ್ನು ನೋಡಿದೆವು. ಅದು ಸಂದರ್ಶಕರ ವೀಸಾ. ಆ ವೀಸಾದ ಮೇಲೆ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಆದರೂ ಮಧ್ಯವರ್ತಿಗೆ ಅದರಲ್ಲೊಂದು ಅನುಕೂಲವಿತ್ತು. ಸಂದರ್ಶಕನಾಗಿ ಹೋಗುವವನಿಗೆ ರಕ್ಷಕರ ಅನುಮತಿ ಬೇಕಿಲ್ಲ. ಅನುಮತಿಯಿಲ್ಲವಾದರೆ ಧಣಿಯ ಹೆಸರು, ಕರಾರು, ವಿಮೆ ಯಾವುದೂ ಸರಕಾರದ ಕಡತದಲ್ಲಿ ಇರುವುದಿಲ್ಲ. ನಾಳೆ ಆಪತ್ತು ಬಂದರೆ ಇವನು ಯಾರ ಕೆಲಸಕ್ಕೆ ಹೋದವನೆಂದು ಹೇಳಲು ಒಂದು ಚೂರು ಕಾಗದವಿಲ್ಲ.

ಮಧ್ಯವರ್ತಿಗೆ ಮೂರು ಪ್ರಶ್ನೆ ಬರೆದು ಕಳುಹಿಸೆಂದು ಹುಡುಗನಿಗೆ ಹೇಳಿದೆವು. ಧಣಿಯ ಹೆಸರೇನು? ಕೆಲಸದ ಪರವಾನಗಿ ಎಲ್ಲಿ? ನಿಮ್ಮ ನೋಂದಣಿಯ ಸಂಖ್ಯೆ ಯಾವುದು? ಉತ್ತರ ಬರಲಿಲ್ಲ, ಎರಡು ದಿನಗಳಲ್ಲಿ ಫೋನೂ ನಿಂತಿತು. ಇಪ್ಪತ್ತು ಸಾವಿರ ಹೋಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಳ್ಳಾಗಲಿಲ್ಲ. ಚಿನ್ನ ಮಾತ್ರ ಉಳಿಯಿತು.

ಹಣ ಹೋದರೆ ದುಡಿಯಬಹುದು, ಅದಕ್ಕಿಂತ ದೊಡ್ಡ ಕೇಡೂ ಉಂಟು. 2024ರಲ್ಲಿ ಕಲಬುರಗಿ ಕಡೆಯ ಯುವಕರು ಕಾವಲುಗಾರರ ಕೆಲಸವೆಂಬ ಮಾತನ್ನು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಒಪ್ಪಿದ್ದು ಒಂದು ಕೆಲಸ, ಸಿಕ್ಕಿದ್ದು ಇನ್ನೊಂದು.

ಆದಕಾರಣ ನಮ್ಮ ಬಂಧುಗಳಲ್ಲಿ ಕೆಲವು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ಕೆಲಸದ ಪತ್ರದಲ್ಲಿ ಧಣಿಯ ಹೆಸರು, ಊರು, ಸಂಬಳ, ದುಡಿಮೆಯ ಅವಧಿ, ವಸತಿ ಇವು ಸ್ಪಷ್ಟವಾಗಿರಲಿ. ಪರವಾನಗಿಯಲ್ಲಿರುವ ಧಣಿಯೂ ಕರಾರಿನಲ್ಲಿರುವ ಧಣಿಯೂ ಒಬ್ಬನೇ ಆಗಿರಲಿ. ಏಜೆಂಟನ ನೋಂದಣಿಯನ್ನು ಸರಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿ. ವೀಸಾ ಅರ್ಜಿಯ ಶುಲ್ಕವನ್ನು ಕೆಲವು ದೇಶಗಳಿಗೆ ಕೆಲಸಗಾರನೇ ಕಟ್ಟಬೇಕಾಗಬಹುದು. ಅದು ಸರಕಾರಕ್ಕೆ, ರಸೀದಿಯೊಡನೆ ಹೋಗುವ ಹಣ, ಯಾರದೋ ಕಿಸೆಗಲ್ಲ. ಕಾಗದಗಳ ಒಂದೊಂದು ಪ್ರತಿ ಮನೆಯಲ್ಲಿರಲಿ. ಪರದೇಶಕ್ಕೆ ಮುಟ್ಟಿದ ಮೇಲೆ ಪಾಸ್‌ಪೋರ್ಟನ್ನು ಧಣಿಯ ಪೆಟ್ಟಿಗೆಯಲ್ಲಿ ಇಡಲು ಒಪ್ಪಬೇಡಿ.

ಹೊರಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಈ ಬಂಗಾಳಕ್ಕೆ ಬಂದ ನಮಗೆ ಹಾಗೆ ಹೇಳುವ ಹಕ್ಕೂ ಇಲ್ಲ. ನ್ಯಾಯವಾದ ದಾರಿಯಲ್ಲಿ ಹೋಗಿ ಸುಖವಾಗಿರುವ ಕನ್ನಡಿಗರು ಬೇಕಾದಷ್ಟು ಜನ. ಆದರೆ ಒಂದು ಮಾತು ನೆನಪಿರಲಿ. ಅಂದಿನ ಕೂಲಿಯನ್ನು ಕಟ್ಟಿದ್ದು ಧಣಿಯ ಕರಾರು. ಧಣಿ ಹೊರಬೇಕಾದ ಖರ್ಚನ್ನು ಸಾಲ ಮಾಡಿ ತಾನೇ ಹೊತ್ತವನು, ಆ ಸಾಲ ತೀರುವವರೆಗೆ ಎಂಥ ಕೆಲಸವನ್ನೂ ಬಿಟ್ಟು ಬರಲಾರ. ಅವನು ತನ್ನ ಗಿರ್ಮಿಟನ್ನು ತಾನೇ ಬರೆದುಕೊಂಡಂತೆ. ತಾಯಿಯ ಬಳೆ ಅಡವಿಡುವ ಮುನ್ನ ಆ ಕಾಗದವನ್ನು ಬಲ್ಲವರಿಗೊಮ್ಮೆ ತೋರಿಸಿ. ಸಂಘದ ಬಾಗಿಲು ಭಾನುವಾರವೂ ತೆರೆದಿರುತ್ತದೆ.